ಮರ್ತು ಹೋದ ಕಾಲು

ಫಿನಾಯಿಲ್ ವಾಸನೆ, ಅದರ ಮೇಲೆ ಯಾರೋ ಬಿಚ್ಚಿದ ಚಿತ್ರಾನ್ನದ ಪೊಟ್ಟಣ, ಥೂ, ಈ ಸೇಲಂ ಆಸ್ಪತ್ರೆಯಲ್ಲೂ ಜನಕ್ಕೆ ಹಸಿವಾಗುತ್ತದಲ್ಲ, ರಾಜಾತಿಗೆ ಬೆಳಗಿನಿಂದ ಗಂಟಲಲ್ಲಿ ನೀರೂ ಇಳಿದಿಲ್ಲ, ಎದುರಿನ ಮಂಚದಲ್ಲಿ ಗಂಡ ಮುನಿಸ್ವಾಮಿ ಕಣ್ಣು ಮುಚ್ಚಿದ್ದಾನೆ, ನಿದ್ದೆಯಲ್ಲ, ನಿದ್ದೆಯ ನಾಟಕ, ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅವನ ಗೊರಕೆಯ ಸುಳ್ಳು ಗೊತ್ತಾಗುವುದಿಲ್ಲವೇ — ಬಲಗಾಲಿಗೆ ಬಟ್ಟೆ ಸುತ್ತಿದ್ದಾರೆ, ನಾಳೆ ಮೊಣಕಾಲಿನ ಕೆಳಗೆ ತೆಗೆಯುತ್ತಾರಂತೆ, ತೆಗೆಯುತ್ತಾರೆ, ಮರದಿಂದ ಹುಣಸೆಕಾಯಿ ತೆಗೆದ ಹಾಗೆ, ಮೇಚೇರಿ ಸಂತೆಗೆ ಕುರಿ ಹೊಡೆದುಕೊಂಡು ನಡೆದ ಕಾಲು, ಗೇಟಿನ ಎಸ್‌ಟಿಡಿ ಬೂತಿನಿಂದ ಊರಿಗೆ ಫೋನ್ ಮಾಡಬೇಕು, ಮಾಡಿ ಏನಂತ ಹೇಳುವುದು, ಆ ಸೂಜಿ — ಬೇಡ, ಅದನ್ನು ಈಗ ನೆನೆಯುವುದು ಬೇಡ.

ಏನು ಮಾಡದೆ ಬಿಟ್ಟೆವು, ಊರ ಹೆಂಗಸರ ಸಂಘ ಕಟ್ಟಿ ಸಕ್ಕರೆ ಕಾಯಿಲೆಗೆ ಸ್ಕೂಲಿನಲ್ಲಿ ಕ್ಯಾಂಪು ಇಡಿಸಿದವಳು ಇವಳೇ, ಮೊದಲ ಸಲ ಸಂತೆಯ ದಿನ ಇಟ್ಟು ನರಪಿಳ್ಳೆ ಬರಲಿಲ್ಲ, ಎರಡನೇ ಸಲ ಭಾನುವಾರ, ಮನೆಮನೆಗೆ ಹೋಗಿ ಅವರು ಕೊಟ್ಟ ಬೆಲ್ಲದ ಕಾಫಿ ಕುಡಿಯುತ್ತಲೇ ಸಿಹಿ ಬೇಡ ಅಂತ ಬುದ್ಧಿ ಹೇಳಿ ನಗಿಸಿಕೊಂಡಳು, ಕುರಿದೊಡ್ಡಿಯಲ್ಲಿ ಅವಿತಿದ್ದ ಗಂಡನನ್ನು ರಟ್ಟೆ ಹಿಡಿದು ತಂದು ಕೂರಿಸಿದಳು, ರಕ್ತದಲ್ಲಿ ಸಕ್ಕರೆ ಏರಿತ್ತು, ಮಾತ್ರೆ ಕೊಟ್ಟರು, ಆಮೇಲೆ ನರ್ಸಮ್ಮ ತಮಿಳಿನಲ್ಲಿ ಕೇಳಿದಳು, ಕಾಲ್ ಮರತ್ತುಪ್ಪೋಚಾ? ಕಾಲಿಗೆ ಸ್ಪರ್ಶ ತಿಳಿಯದ ಹಾಗೆ ಜೋಮು ಹಿಡಿದಿದೆಯಾ ಅಂತ ಅವಳ ಪ್ರಶ್ನೆ, ಮನೆಮಾತು ಕನ್ನಡವಾದರೂ ತಮಿಳು ಅಂದರೆ ನೀರು ಕುಡಿದಷ್ಟು ಸಲೀಸು ಮುನಿಸ್ವಾಮಿಗೆ, ಅರ್ಥವಾಗದೆ ಏನು, ಆದರೆ ಜನ ಸೇರಿದ್ದರಲ್ಲ, ನಾಲಿಗೆ ತುರಿಸಿತು — ಏನಮ್ಮೋ, ಕಾಲ್ನ ಮರ್ತು ಬರಾಕೆ ಅದೇನ್ ಕೊಡೆನಾ, ಎಲ್ಡೂ ತಂದಿವ್ನಿ ನೋಡು — ಸ್ಕೂಲಿಗೆ ಸ್ಕೂಲೇ ಬಿದ್ದು ಬಿದ್ದು ನಕ್ಕಿತು, ಕನ್ನಡ ಬಾರದ ನರ್ಸಮ್ಮನೂ ನಕ್ಕಳು, ಏನೂ ಇಲ್ಲವೆಂದುಕೊಂಡು ಮುಂದಿನವರ ಕಡೆ ತಿರುಗಿದಳು, ಸಾಕ್ ಸುಮ್ಕಿರು, ಸರ್ಯಾಗ್ ಯೋಳು ಅಂತ ರಾಜಾತಿ ಕೂಗಿದ್ದು ಆ ನಗುವಿನಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಬೇಸಗೆಯಲ್ಲಿ ಮಾರಿಯಮ್ಮನಿಗೆ ಕೊಂಡ ಹಾಯ್ದ, ಕಂಕಣ ಕಟ್ಟಿದ ಮೇಲೆ ಮಾತ್ರೆ ಮುಟ್ಟಬಾರದಂತೆ, ಯಾವ ಶಾಸ್ತ್ರವೋ, ಪ್ರತಿ ವರ್ಷ ಕೆಂಡ ದಾಟಿ ಹಾ ಹಾ ಅನ್ನುತ್ತ ಅರಿಸಿನ ನೀರಿಗೆ ಓಡುತ್ತಿದ್ದವನು ಈ ಸಲ ನಿಧಾನ ನಡೆದ, ಕೆಂಡದ ನಡುವೆ ನಿಂತೇ ಬಿಟ್ಟ, ತಿರುಗಿ ಇವಳನ್ನು ನೋಡಿ ನಕ್ಕ, ಅಯ್ಯೋ ಆ ನಗು, ಅಮ್ಮ ಬಂದವ್ಳೆ, ಅವ್ನ ಕಾಲಾಗೆ ಅಮ್ಮ ನಿಂತವ್ಳೆ, ಅಂತ ಕೂಗಿ ಪೂಜಾರಿ ಪೆರುಮಾಳ್ ಮೊದಲು ಅಡ್ಡಬಿದ್ದ, ಹಿಂದೆಯೇ ಊರು, ದಿನಾ ಪಾದ ನೋಡ್ಕಳಿ ಅಂತ ಕಲಿತು ಕಲಿಸಿದ ಸಂಘದ ಹೆಂಗಸರೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು, ಒಬ್ಬಳೂ ಎತ್ತಿ ಅಂಗಾಲು ನೋಡಲಿಲ್ಲ, ಮನೆಗೆ ಬಂದ ಮೇಲೆ ಇವಳು ಕೇಳಿದರೆ, ದ್ಯಾವ್ರು ನಿಂತ ಕಾಲ್ನ ಪರೀಕ್ಸೆ ಮಾಡ್ತೀಯೇನ್ಲೇ, ಪಂಚೆಯೊಳಗೆ ಎಳೆದುಕೊಂಡ, ಆಮೇಲೆ ಒಂದು ದಿನ ವಾಸನೆ, ಕುರಿ ಸತ್ತಿರಬೇಕು ಅಂತ ದೊಡ್ಡಿಯೆಲ್ಲ ಹುಡುಕಿದಳು ರಾಜಾತಿ, ಕುರಿಗಳೆಲ್ಲ ಇದ್ದವು.

ಹೋಗಲಿ, ಒಂದು ಕಾಲಾದರೂ ಉಳಿಯುತ್ತದೆ, ಕೋಲೂರಿಕೊಂಡು ಮಂದೆಯ ಹಿಂದೆ ಹೋಗುತ್ತಾನೆ, ಕಟ್ಟೆಯ ಮೇಲೆ ಕೂತು ಊರನ್ನು ನಗಿಸುತ್ತಾನೆ, ಬೆಳಿಗ್ಗೆ ಡಾಕ್ಟರಿಗೂ ಇದನ್ನೇ ಅಂದಳು, ಎಡಗಾಲು ಚೆನ್ನಾಗೈತಲ್ಲ ಸಾರ್, ಡಾಕ್ಟರು ಕೆಟ್ಟವನಲ್ಲ, ಚಿಕ್ಕ ವಯಸ್ಸು, ಮುನಿಸ್ವಾಮಿಗೆ ಸೂರು ನೋಡಲು ಹೇಳಿದ, ಚುಚ್ಚಿದಾಗ ಹೇಳು ಅಂದ, ಒಳ್ಳೆಯ ಕಾಲನ್ನು ಕೈಗೆತ್ತಿಕೊಂಡ, ಆ ಸೂಜಿ, ಅಂಗಾಲಿನಲ್ಲಿ ನೆಟ್ಟಗೆ ನಿಂತ ಸೂಜಿ, ಬುಡದಲ್ಲಿ ಒಂದು ಹನಿ ರಕ್ತ, ಇವನು ಸೂರು ನೋಡುತ್ತ ಹಲ್ಲು ಕಚ್ಚಿ ಕಾಯುತ್ತಿದ್ದಾನೆ, ಯಾವಾಗ ಸಾರ್ ಚುಚ್ಚೋದು, ಸೂಜಿ ನಿಂತಿದೆ, ಇವಳ ಕಡೆಗೆ ಕತ್ತು ಹೊರಳಿಸಿ, ಲೇ, ಚುಚ್ಚಿದ್ರಾ ಅಂದ, ಇಲ್ಲ, ಇನ್ನೂ ಇಲ್ಲ ಅಂದಳು ರಾಜಾತಿ, ಸೂಜಿ ನಿಂತಿದೆ, ಇನ್ನೂ ಇಲ್ಲ, ಸೂಜಿ —