ಪಕ್ಕಕ್ಕೆ ಸರಿಯದವನು

ಅಪಘಾತವಾದ ಮೇಲೆ ಸಾರಥಿಯನ್ನು ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅವನು ತಲೆಯಾಡಿಸುತ್ತಿದ್ದ. ಅವನು ಹಚ್ಚಿಕೊಂಡಿರಲೇ ಇಲ್ಲ. ಹೆಂಡತಿಗೆ ದಿಗಿಲು ಹುಟ್ಟಿಸಿದ್ದು ಅದೇ.

ಸಾರಥಿ ಅವನ ಹೆಸರಲ್ಲ. ಅವನು ಸಿಟಿ ಬಸ್ಸಿನ ಡ್ರೈವರು. ಮದುವೆಯ ಹೊಸದರಲ್ಲಿ ಹೆಂಡತಿಯ ಅಣ್ಣ ತಮಾಷೆಗೆ ಇಟ್ಟ ಹೆಸರು ಹಾಗೇ ಅಂಟಿಕೊಂಡಿತ್ತು. ಅಪಘಾತದ ದಿನ ನಿಂತಿದ್ದ ಲಾರಿಯ ಮರೆಯಿಂದ ವಯಸ್ಸಾದ ಹೆಂಗಸೊಬ್ಬರು ರಸ್ತೆಗೆ ಇಳಿದಿದ್ದರು. ಅವನು ಬ್ರೇಕು ತುಳಿದಿದ್ದ. ಬಸ್ಸು ನಿಂತಿತ್ತು, ಆದರೆ ನಿಲ್ಲಬೇಕಾದ ಜಾಗ ದಾಟಿ ನಿಂತಿತ್ತು. ಅವರು ಉಳಿಯಲಿಲ್ಲ. ವಿಚಾರಣೆ ನಡೆದು, ಡ್ರೈವರನ ತಪ್ಪೇನೂ ಇಲ್ಲ ಎಂದಾಯಿತು. ಡಿಪೋ ಮ್ಯಾನೇಜರು ಬೆನ್ನು ತಟ್ಟಿ, ಮನಸ್ಸು ಸರಿಹೋದಾಗ ಬಾ, ಅವಸರವೇನಿಲ್ಲ ಎಂದರು.

ಕೆಟ್ಟಿದ್ದರೆ ತಾನೇ ಸರಿಹೋಗುವುದು? ಅವನು ಬಡಿಸಿದ್ದನ್ನು ಉಂಡ, ಮಲಗು ಎಂದರೆ ಮಲಗಿದ. ಟಿ.ವಿ. ಹಚ್ಚಿದರೆ ನೋಡಿದ, ಆರಿಸಿದರೆ ಆರಿದ ಪರದೆಯನ್ನೂ ನೋಡಿದ. ಪಕ್ಕದ ಮನೆಯ ಮಗು ತೊಡೆಯೇರಿ ಕೂತು ಮೂಗು ಹಿಂಡಿದರೆ, ಹಿಂಡಲಿ ಎಂದು ಮುಖ ಕೊಟ್ಟು ಕೂತಿರುತ್ತಿದ್ದ. ಔಷಧಿ ಅಂಗಡಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಬರುವ ಹೆಂಡತಿಗೆ, ತಾನು ಹೋಗುವಾಗ ಯಾವ ಕುರ್ಚಿಯಲ್ಲಿ ಬಿಟ್ಟಿದ್ದಳೋ ಅದೇ ಕುರ್ಚಿಯಲ್ಲಿ ಗಂಡ ಸಿಗುತ್ತಿದ್ದ. ಕಡೆಗೆ ಅವಳು ಅಣ್ಣನ ಹತ್ತಿರ ಹೋಗಿ, ಇವರನ್ನು ಸ್ವಲ್ಪ ನಿನ್ನ ಶೆಡ್ಡಿಗೆ ಕರ್ಕೋ ಎಂದು ಕೇಳಿಕೊಂಡಳು.

ಅಣ್ಣನದು ಬೇಕರಿ. ನಸುಕಿಗೆ ಒಲೆ ಹೊತ್ತಿಸಿದರೆ ಮಧ್ಯಾಹ್ನಕ್ಕೆಲ್ಲ ಕೆಲಸ ಮುಗಿದು ಕೈ ಖಾಲಿ. ಆ ಖಾಲಿ ಹೊತ್ತಿಗೆಂದು ಬೇಕರಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮರ ಕಡೆಯುವ ಲೇತ್ ಒಂದನ್ನು ಇಟ್ಟುಕೊಂಡಿದ್ದ. ಊರಲ್ಲಿ ಯಾರ ಮನೆಯ ಮರ ಬಿದ್ದರೂ ತುಂಡುಗಳು ಅಲ್ಲಿಗೆ ಬರುತ್ತಿದ್ದವು. ಬಟ್ಟಲಾಗಿ, ಲಟ್ಟಣಿಗೆಯಾಗಿ, ಬುಗುರಿಯಾಗಿ ನೆಂಟರ ಮನೆ ಸೇರುತ್ತಿದ್ದವು. ಬೇಡ ಎಂದವರಿಗೆ ಎರಡೆರಡು ಕೊಡುತ್ತಿದ್ದ.

“ಹಿಟ್ಟಾದ್ರೆ ಗುದ್ದಿದಷ್ಟೂ ಹದ ಆಗುತ್ತೆ. ಮರ ಹಾಗಲ್ಲ ಮಾರಾಯ, ಗುದ್ದಿದ್ರೆ ತಿರುಗಿಸಿ ಗುದ್ದುತ್ತೆ,” ಎಂದು ಭಾವ ಮೊದಲ ದಿನವೇ ಪಾಠ ಶುರು ಮಾಡಿದ. ಸಾರಥಿ ನಗಲಿಲ್ಲ. ಭಾವ ಅವನ ಪಾಲಿನದನ್ನೂ ತಾನೇ ನಕ್ಕು ಮುಂದುವರಿದ. ಸ್ವಿಚ್ ಹಾಕುವ ಮುಂಚೆ ಮರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ಎಲ್ಲೂ ತಾಗುತ್ತಿಲ್ಲ ಎಂದು ನೋಡಬೇಕು. ಉಳಿ ಊರುವ ಕಬ್ಬಿಣದ ಪಟ್ಟಿ ಮರಕ್ಕೆ ಹತ್ತಿರವಿರಬೇಕು. ಉಳಿಯ ಬೆನ್ನು ಮೊದಲು ತಾಗಬೇಕು, ಬಾಯಿ ಆಮೇಲೆ. ಸಡಿಲ ಬಟ್ಟೆ ಕೂಡದು. ಮುಖಕ್ಕೆ ಪಾರದರ್ಶಕ ಕವಚ ಬೇಕೇಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಲೇತ್ ಶುರುವಾಗುವಾಗ ಮರಕ್ಕೆ ಎದುರಾಗಿ ನಿಲ್ಲದೆ ಪಕ್ಕಕ್ಕೆ ಸರಿದು ನಿಲ್ಲಬೇಕು. ಮರ ಒಡೆದು ಹಾರಿದರೆ ನೇರ ಎದುರಿಗೇ ಹಾರುತ್ತದೆ.

ಬಸ್ಸು ಹತ್ತುವ ಮೊದಲು ಟೈರು, ಕನ್ನಡಿ ನೋಡಿ ರೂಢಿಯಿದ್ದವನಿಗೆ ಇದೇನೂ ಕಷ್ಟವಾಗಲಿಲ್ಲ. ಕೈಗೆ ಹೇಳಿದರೆ ಸಾಕಾಗಿತ್ತು, ಮನಸ್ಸಿಗೆ ಹೇಳುವ ಅಗತ್ಯವಿರಲಿಲ್ಲ. ಬಟ್ಟಲಿನ ಮೈಮೇಲೆ ಅಲೆಅಲೆಯಾಗಿ ಗೆರೆ ಎದ್ದರೆ ಭಾವ ಬಂದು ನೋಡಿ, ಉಳಿ ತುಂಬಾ ಆಚೆ ಚಾಚಿದ್ದೀಯ, ಅದು ನಡುಗುತ್ತಿದೆ, ಪಟ್ಟಿಯನ್ನು ಹತ್ತಿರ ತಾ ಎನ್ನುತ್ತಿದ್ದ. ಎಳೆ ಕಿತ್ತು ಬಂದು ಮೈ ಒರಟಾದರೆ, ಉಳಿ ಮೊಂಡಾಗಿದೆ, ಸಾಣೆ ಹಿಡಿ; ಉಪ್ಪುಕಾಗದ ಉಜ್ಜಿ ತಪ್ಪು ಮುಚ್ಚುವವನು ಸೋಮಾರಿ ಎನ್ನುತ್ತಿದ್ದ. ಹಸಿ ಮರದ ಬಟ್ಟಲು ಬಿರುಕು ಬಿಟ್ಟಾಗ, ದಪ್ಪಗೆ ಕಡೆದು ಕಾಗದದ ಚೀಲದಲ್ಲಿ ಮರದ ಹೊಟ್ಟಿನ ಜೊತೆ ಒಣಗಲು ಬಿಡಬೇಕು, ಆತುರಗೇಡಿಗೆ ಬಟ್ಟಲಿಲ್ಲ ಎಂದ. ಸಾರಥಿ ಹೇಳಿದ್ದನ್ನು ಹೇಳಿದಂತೆ ಮಾಡಿದ. ಬಟ್ಟಲುಗಳು ಚೆನ್ನಾಗಿಯೇ ಬಂದವು. ಮುಗಿದದ್ದನ್ನು ಅವನು ಮತ್ತೆ ತಿರುಗಿ ನೋಡುತ್ತಿರಲಿಲ್ಲ. ಭಾವನೇ ಎತ್ತಿ ಕಪಾಟಿನಲ್ಲಿಡುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ತೊಗಟೆ ಸಮೇತವಿದ್ದ ಹಿಪ್ಪುನೇರಳೆಯ ತುಂಡೊಂದನ್ನು ಲೇತಿಗೆ ಕಟ್ಟಿದ್ದರು. ತೊಗಟೆಯ ಅಡಿಯಲ್ಲಿ ಬಿರುಕಿದ್ದದ್ದು ಯಾರಿಗೂ ಕಾಣಲಿಲ್ಲ. ಸ್ವಿಚ್ ಹಾಕಿದ ಕೂಡಲೇ ಇಡೀ ಯಂತ್ರ ಗಡಗಡ ಅಲುಗಾಡತೊಡಗಿತು. ಸದ್ದು ಬದಲಾಯಿತು. ಭಾವ ಬಾಗಿಲ ಬಳಿಯಿಂದ ಏನೋ ಕೂಗಿದ. ಆ ಹೊತ್ತಿಗೆ ತುಂಡು ಎರಡು ಹೋಳಾಗಿ, ಒಂದು ಹೋಳು ಸಾರಥಿಯ ಕಿವಿಯ ಪಕ್ಕದಲ್ಲೇ ಹಾರಿ ಹಿಂದಿನ ತಗಡಿಗೆ ಬಡಿಯಿತು. ತಗಡು ಬುಟ್ಟಿಯಂತೆ ಹೊರಗುಬ್ಬಿತು.

ಸಾರಥಿ ನಿಂತಲ್ಲೇ ನಿಂತಿದ್ದ. ಕಣ್ಣನ್ನೂ ಮಿಟುಕಿಸಿರಲಿಲ್ಲ.

“ಒಡೀತು,” ಎಂದ.

ಭಾವ ಸ್ವಿಚ್ ಆರಿಸಿ, ಮೈದಾಹಿಟ್ಟಿನ ಖಾಲಿ ಡಬ್ಬದ ಮೇಲೆ ಕುಕ್ಕರಿಸಿದ.

“ಅಲುಗಾಡಿದ್ದು ಗೊತ್ತಾಗ್ಲಿಲ್ವಾ ನಿಂಗೆ?”

“ಗೊತ್ತಾಯ್ತು.”

“ಮತ್ತೆ? ಪಕ್ಕಕ್ಕೆ ಯಾಕೆ ಸರೀಲಿಲ್ಲ?”

ಸಾರಥಿ ಯೋಚಿಸಿದ. ಬಿರುಕು ಬಾಯಿ ಬಿಡುವುದನ್ನೂ ನೋಡಿದ್ದ. ಸರಿಯಬೇಕು ಎನ್ನುವುದು ತಲೆಗೆ ಹೊಳೆದಿತ್ತು, ಅಂಗಡಿಗೆ ಹೋದಾಗ ಉಪ್ಪು ತರಬೇಕು ಎಂದು ಹೊಳೆಯುವಂತೆ. ಸರಿಯಲೇಬೇಕಾದ ಕಾರಣ ಮಾತ್ರ ಕಂಡಿರಲಿಲ್ಲ. ಹಾರಿಬಿದ್ದ ಹೋಳನ್ನು ಎತ್ತಿ ಗೋಡೆಗೆ ಒರಗಿಸಿದ.

ಭಾವನಿಗೆ ಹೇಳದೆಯೂ ಅರ್ಥವಾಯಿತು. ಇನ್ನು ಸ್ವಿಚ್ ಮುಟ್ಟಬೇಡ ಎಂದು ಲೇತಿನ ಮೇಲೆ ಹೊದಿಕೆ ಎಳೆದ. ಸಂಜೆ ತಂಗಿಯ ಮನೆಗೆ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದ. “ಕೈಯಲ್ಲಿ ದೋಷ ಇಲ್ಲ ಪುಟ್ಟಿ. ಇವನಿಗೆ ಹೆದರಿಕೇನೇ ಹೋಗಿಬಿಟ್ಟಿದೆ. ಹೆದರಿಕೆ ಇಲ್ಲದವನನ್ನ ನಾನು ಯಂತ್ರದ ಮುಂದೆ ನಿಲ್ಲಿಸಲ್ಲ,” ಎಂದ.

ಅವಳು ಕೂಗಾಡಲಿಲ್ಲ, ಅಳಲೂ ಇಲ್ಲ. ಸೌಟು ತೊಳೆದು ನೇತುಹಾಕಿ, ಹಾಗಾದರೆ ನನಗೆ ಕಲಿಸು, ಇವರು ಕೂತು ನೋಡಲಿ ಎಂದಳು. ನಿನಗೆ ಬುದ್ಧಿ ಇದೆಯಾ ಎಂದ ಅಣ್ಣ. ಚಿಕ್ಕಂದಿನಿಂದ ಅವಳೆದುರು ಅವನ ಮಾತು ನಡೆದದ್ದೇ ಇಲ್ಲ, ಅವತ್ತೂ ನಡೆಯಲಿಲ್ಲ.

ಹಾಗೆ ಅವಳು ಕೆಲಸ ಮುಗಿಸಿ ನೇರ ಶೆಡ್ಡಿಗೆ ಬರತೊಡಗಿದಳು. ಅವಳ ಉಳಿ ಮಾತು ಕೇಳುತ್ತಿರಲಿಲ್ಲ. ಕಚ್ಚಿಕೊಳ್ಳುತ್ತಿತ್ತು, ಜಿಗಿಯುತ್ತಿತ್ತು, ಸಾಪಾಗಿದ್ದ ಮೈಗೆ ಸುರುಳಿ ಗಾಯ ಮಾಡುತ್ತಿತ್ತು. ಅವಳು ಯಂತ್ರವನ್ನೂ ಮರವನ್ನೂ ಅಣ್ಣನನ್ನೂ ಸಮಸಮವಾಗಿ ಬಯ್ದು ಮತ್ತೆ ಹಿಡಿಯುತ್ತಿದ್ದಳು. ಸಾರಥಿ ಡಬ್ಬದ ಮೇಲೆ ಕೂತು ನೋಡುತ್ತಿದ್ದ. ಒಮ್ಮೊಮ್ಮೆ, ಹಿಡಿಕೆ ಸ್ವಲ್ಪ ಕೆಳಗಿಳಿಸು ಎನ್ನುತ್ತಿದ್ದ. ಅಷ್ಟೇ ಅವನ ಮಾತು.

ಚಳಿ ಶುರುವಾಗಿದ್ದ ದಿನ. ಮರುದಿನದ ಹಿಟ್ಟು ನೋಡಲು ಭಾವ ಬೇಕರಿಯೊಳಗೆ ಹೋಗಿದ್ದ. ಅವಳು ಚಹಾ ಕುಡಿಯುವಾಗ ಹೊದ್ದುಕೊಂಡ ಶಾಲನ್ನು ತೆಗೆಯಲು ಮರೆತು ಲೇತ್ ಹಚ್ಚಿದಳು. ಬಟ್ಟಲಿನ ಒಳಮೈ ನೋಡಲು ಬಗ್ಗಿದಾಗ ಶಾಲಿನ ಅಂಚು ತೂಗಾಡಿ, ಮರವನ್ನು ಕಚ್ಚಿ ಹಿಡಿದು ಸುತ್ತುವ ಕಬ್ಬಿಣದ ಹಿಡಿಗೆ ತಾಗಿತು.

ಸಾರಥಿ ಯಾವಾಗ ಎದ್ದನೆಂದು ಅವನಿಗೇ ಗೊತ್ತಾಗಲಿಲ್ಲ. ಒಂದು ಕೈ ಲೇತ್ ನಿಲ್ಲಿಸುವ ಕೆಂಪು ಗುಂಡಿಯ ಮೇಲೆ ಬಿದ್ದಿತ್ತು, ಇನ್ನೊಂದು ಅವಳ ಸೊಂಟ ಹಿಡಿದು ಹಿಂದಕ್ಕೆಳೆದಿತ್ತು. ಶಾಲು ಅವಳ ಹೆಗಲಿನಿಂದ ಕಿತ್ತುಹೋಗಿ ಲೇತಿಗೆ ಸುತ್ತಿಕೊಂಡು ನಿಂತಿತು. ಶೆಡ್ಡಿನಲ್ಲೆಲ್ಲ ಒಂದು ಕೂಗು ತುಂಬಿತ್ತು. ಆ ಕೂಗು ತನ್ನದೇ ಎಂದು ಅದು ನಿಂತ ಮೇಲೆ ಅವನಿಗೆ ತಿಳಿಯಿತು.

ಕುತ್ತಿಗೆ ಸವರಿಕೊಂಡು ಅವಳು, “ಏನೂ ಆಗಿಲ್ಲ, ನೋಡಿ, ಏನೂ ಆಗಿಲ್ಲ,” ಎಂದಳು.

ಅವನು ಹೊಟ್ಟಿನ ರಾಶಿಯ ಮೇಲೆ ಹಾಗೇ ಕುಸಿದ. ಹಲ್ಲು ಕಟಕಟ ಬಡಿಯುತ್ತಿದ್ದವು. ಓಡಿಬಂದ ಭಾವ ಬಾಗಿಲಲ್ಲೇ ನಿಂತುಬಿಟ್ಟ. ಅವಳು ಗಂಡನ ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡಳು.

“ಅವರು ನನ್ನ ನೋಡಿದ್ರು,” ಎಂದ ಸಾರಥಿ.

ಯಾರು ಎಂದು ಅವಳು ಕೇಳಲಿಲ್ಲ.

“ಕೈಯಲ್ಲಿ ಚೀಲ ಇತ್ತು. ಅದನ್ನ ಎದೆಗೆ ಅವಚಿಕೊಂಡ್ರು. ನಾನು ಬ್ರೇಕ್ ಹಾಕಿದ್ದೆ ಕಣೇ. ಕಾಲು ಊರಿಕೊಂಡೇ ಇದ್ದೆ. ಅವರು ನನ್ನೇ ನೋಡ್ತಿದ್ರು.”

ವಿಚಾರಣೆಯಲ್ಲಿ ಯಾರೂ ಕೇಳಿರದ ಮಾತು ಅದು, ಅವನೂ ಹೇಳಿರಲಿಲ್ಲ. ಭಾವ ಸದ್ದಿಲ್ಲದೆ ಕತ್ತರಿ ತಂದು ಲೇತಿಗೆ ಸುತ್ತಿದ ಶಾಲನ್ನು ಬಿಡಿಸತೊಡಗಿದ.

ಅದಾದ ಮೇಲೆ ಎಲ್ಲ ಸರಿಹೋಯಿತು ಎಂದೇನಲ್ಲ. ಮಾರನೆಯ ದಿನ ಅವನು ಮತ್ತೆ ಕುರ್ಚಿಯಲ್ಲೇ ಇದ್ದ, ಮತ್ತೆ ಅದೇ ಮರಗಟ್ಟಿದ ಮುಖ. ಆದರೆ ರಸ್ತೆಯಲ್ಲಿ ಯಾವುದೋ ಗಾಡಿ ಕಿರ್ರೆಂದು ನಿಂತರೆ ಬೆಚ್ಚುತ್ತಿದ್ದ. ಬೆಚ್ಚಿದಾಗ ಹೆಂಡತಿ ಹತ್ತಿರ ಬಂದು ಕೂರುತ್ತಿದ್ದಳು. ಆಮೇಲೊಂದು ದಿನ ಅವನು ಡಿಪೋಗೆ ಹೋಗಿ, ಸ್ಟೇರಿಂಗ್ ಬೇಡ, ವರ್ಕ್‌ಶಾಪಿನಲ್ಲಿ ಏನಾದರೂ ಕೊಡಿ ಎಂದು ತಾನೇ ಕೇಳಿಕೊಂಡ. ಟೈರು ಬಿಚ್ಚಿ ಹಾಕುವ ಕೆಲಸ ಸಿಕ್ಕಿತು.

ಒಂದು ಭಾನುವಾರ, ಅವತ್ತು ಬಸ್ಸಿಗೆ ಸಿಕ್ಕ ಆ ಅಮ್ಮನ ಮನೆಗೆ ಹೋಗಬೇಕು ಎಂದ. ಹೆಂಡತಿಯೂ ಜೊತೆಗೆ ಹೊರಟಳು. ಅಮ್ಮನ ಮಗ ಬೀಗ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಯಾರು ಬಂದಿದ್ದಾರೆಂದು ಗೊತ್ತಾದಾಗ ಅವನು ಸ್ವಲ್ಪ ಹೊತ್ತು ಕೈಯಲ್ಲಿದ್ದ ಬೀಗವನ್ನೇ ನೋಡಿದ. ಆಮೇಲೆ ಸ್ಟೂಲಿನ ಮೇಲಿನ ಸಾಮಾನು ಸರಿಸಿ ಜಾಗ ಮಾಡಿಕೊಟ್ಟ. ಕ್ಷಮೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಮಗ, “ಅಮ್ಮನಿಗೆ ಒಂದು ಕಿವಿ ಕೇಳ್ತಿರಲಿಲ್ಲ. ಕಿವಿಗೆ ಮಷಿನ್ ಹಾಕ್ಕೋ ಅಂದ್ರೆ ಕೇಳ್ತಿರಲಿಲ್ಲ, ಹಟ,” ಎಂದ. ಸಾರಥಿ, “ಕೊನೇ ತನಕ ನಾನು ಅವರನ್ನ ನೋಡ್ತಾನೇ ಇದ್ದೆ. ಕಣ್ಣು ಮುಚ್ಚಲಿಲ್ಲ,” ಎಂದ. ಮಗ ತಲೆಯಾಡಿಸಿದ. ಅವರು ಹೊರಡುವಾಗ ಗೇಟಿನ ತನಕ ಬಂದ.

ಹೊರಗೆ ಬಿಸಿಲು ಇಳಿದಿತ್ತು. ಆಟೋ ಹಿಡಿಯೋಣವಾ ಎಂದು ಹೆಂಡತಿ ಕೇಳಿದಳು. ಅವನು ಬೇಡವೆಂದು ಸ್ಟಾಪಿನ ಕಡೆ ನಡೆದ. ಬಸ್ಸು ಬಂತು, ಡ್ರೈವರು ಪರಿಚಯದವನು, ಕೈಯೆತ್ತಿದ. ಇಬ್ಬರೂ ಹತ್ತಿದರು. ಸಾರಥಿಗೆ ಅಳು ಬರಲಿಲ್ಲ. ಬಂದರೆ ಬರಲಿ ಎಂದು ಕಿಟಕಿ ಪಕ್ಕದ ಸೀಟು ಹಿಡಿದ.