ಕೇಳಿದ ಮೇಲೆ ಸೂತಕ

"ಏ ಮೂದೇವಿ, ದೇವರ ಮನೆ ಕಡೆ ಸುಳೀಬೇಡ ಅಂತ ಎಷ್ಟು ಸಲ ಬಡ್ಕೊಳ್ಳೋದು? ಅಮೆರಿಕ ಅಂತ ಅಡುಗೆಮನೆಗೆ ಬಿಟ್ಕೊಂಡಿದೀನಿ, ಅದೇ ಹೆಚ್ಚು."

ತ್ರಿಪುರಸುಂದರಮ್ಮ ಗದರಿದಾಗ ರಾಜಿ ಹೂರಣದ ಉಂಡೆ ಕಟ್ಟುತ್ತಿದ್ದಳು. ಅಮೆರಿಕದ ಮನ್ರೋ ಎಂಬ ಊರಿನ ಆ ಮನೆಯಲ್ಲಿ ಅಂದು ಸತ್ಯನಾರಾಯಣ ಪೂಜೆ. ಮನೆಯ ಯಜಮಾನ ದ್ವಾರಕಾನಾಥರು ರಾರಿಟನ್ ಬಸ್ ಪ್ರಾಧಿಕಾರದ ಹಣಕಾಸಿನ ಮುಖ್ಯಸ್ಥರು. ರಾಜಿಯನ್ನೂ ಅವಳ ಗಂಡ ಹರಿಯನ್ನೂ ಕೊಳ್ಳೇಗಾಲದ ಕಡೆಯಿಂದ ಮನೆಗೆಲಸಕ್ಕೆ ಕರೆತಂದವರು ಅವರೇ. ಆಮೇಲೆ ಹರಿಯನ್ನು ಪ್ರಾಧಿಕಾರದ ಡಿಪೋದಲ್ಲಿ ಬಸ್ಸು ತೊಳೆಯಲು ಗುತ್ತಿಗೆದಾರನಿಗೆ ಒಪ್ಪಿಸಿದ್ದರು. ಇಬ್ಬರ ಪಾಸ್‌ಪೋರ್ಟೂ ಅವರ ಬೀರುವಿನಲ್ಲಿದ್ದವು.

ಬೆಳಿಗ್ಗೆ ಅವರಿಗೊಂದು ಫೋನು ಬಂತು. ಹೊರಗೆ ನಿಂತು ಮಾತಾಡುತ್ತಲೇ ಗಾಜಿನ ಬಾಗಿಲಿನಿಂದ ಒಮ್ಮೆ ರಾಜಿಯ ಕಡೆ ನೋಡಿದರು. ಒಳಗೆ ಬಂದು ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದರು. ತ್ರಿಪುರಸುಂದರಮ್ಮ ತಟ್ಟೆಯ ತುಂಬ ಇದ್ದ ಹೋಳಿಗೆ ನೋಡಿದರು.

"ಊಟ ಮುಗೀಲಿ," ಎಂದರು. ಆಮೇಲೆ ರಾಜಿಗೆ, "ಕೂತ್ಕೊಂಡೇ ಬೇಯ್ಸು, ಕಾಲು ನೋಯತ್ತೆ," ಎಂದರು. ಅಂಥ ಮಾತನ್ನು ಅವಳು ಆ ಮನೆಯಲ್ಲಿ ಕೇಳಿದ್ದೇ ಇಲ್ಲ.

ಕೊನೆಯ ನೆಂಟರು ತಾಂಬೂಲ ತೆಗೆದುಕೊಂಡು ಹೋದ ಮೇಲೆ ದ್ವಾರಕಾನಾಥರು ಅವಳನ್ನು ಗ್ಯಾರೇಜಿಗೆ ಕರೆದರು.

"ಹರಿ ಹೋಗ್ಬಿಟ್ಟ ಕಣಮ್ಮ. ಹಾರ್ಟ್ ಅಟ್ಯಾಕ್."

ರಾಜಿ ಅಳಲಿಲ್ಲ. ಬೆರಳಿಗಂಟಿದ ಹೂರಣ ಒಣಗಿತ್ತು. ಅದನ್ನು ಕೆರೆಯುತ್ತ ನಿಂತಳು.

"ಹೇಳಾಯ್ತಾ?" ಒಳಗಿನಿಂದ ಅಮ್ಮನವರ ದನಿ ಬಂತು. "ಹಾಗಾದ್ರೆ ಅವಳು ಅತ್ಲಾಗಿಂದ ಅತ್ಲಾಗೇ ಹೋಗ್ಲಿ. ಒಳಗೇನೂ ಮುಟ್ಟೋದು ಬೇಡ."

ಮರುದಿನ ಡಿಪೋದ ಡ್ರೈವರ್ ಮಾರ್ಗರೆಟ್ ಗ್ಯಾರೇಜಿನ ಬಾಗಿಲಿಗೇ ಬಂದು ಹರಿಯ ಊಟದ ಡಬ್ಬಿ ಕೊಟ್ಟಳು. ರಾಜಿಗೆ ತಿಳಿಯಲೆಂದು ಒಂದೊಂದೇ ಇಂಗ್ಲಿಷ್ ಮಾತನ್ನು ಬಿಡಿಸಿ, ಕೈಸನ್ನೆ ಮಾಡಿ ಹೇಳಿದಳು. ತೊಳೆಯುವ ಶೆಡ್ಡಿನ ಹೊಗೆ ಎಳೆಯುವ ಫ್ಯಾನು ಕೆಟ್ಟು ಬಹಳ ಕಾಲವಾಗಿತ್ತು. ರಿಪೇರಿಗೆ ಹಣ ಕೇಳಿದಾಗಲೆಲ್ಲ ಹಣಕಾಸಿನ ಕಚೇರಿ ಕಾಯಿರಿ ಎಂದಿತ್ತು. ಚಳಿಗೆ ಬಾಗಿಲು ಹಾಕಿದ್ದರು. ಬಸ್ಸಿನ ಇಂಜಿನು ಓಡುತ್ತಿತ್ತು. ನಿನ್ನೆ ಬೆಳಿಗ್ಗೆಯೇ ನಿನ್ನ ಬಾಸ್‌ಗೆ ಫೋನು ಮಾಡಿದೆವು, ಎಂದಳು.

"ಮಾರ್ನಿಂಗಾ?" ಎಂದಳು ರಾಜಿ.

"ಮಾರ್ನಿಂಗ್."

ರಾಜಿ ಒಳಗೆ ಹೋಗಿ ಅಡುಗೆಮನೆಯ ಹೊಸ್ತಿಲಾಚೆ ನಿಂತಳು. "ಬೆಳಗ್ಗೇನೇ ಗೊತ್ತಿತ್ತಾ ಅವ್ವಾ?"

"ಕೇಳಿದ ಮೇಲಲ್ಲವೇನೇ ಸೂತಕ?" ಎಂದರು ತ್ರಿಪುರಸುಂದರಮ್ಮ. "ನಿನ್ನ ಕಿವಿಗೆ ಬಿದ್ದಿರಲಿಲ್ಲ, ಹೋಳಿಗೆಗೆ ಮೈಲಿಗೆ ತಟ್ಟಲಿಲ್ಲ. ಶಾಸ್ತ್ರ ಇರೋದೇ ಹಾಗೆ."

ಆ ತಿಂಗಳಲ್ಲೇ ಶಾಸನಸಭೆಯ ಬಜೆಟ್ ಸಮಿತಿ ರಾಜ್ಯದ ರಾಜಧಾನಿ ಟ್ರೆಂಟನ್ನಿನಲ್ಲಿ ಪ್ರಾಧಿಕಾರದ ಖರ್ಚುವೆಚ್ಚದ ವಿಚಾರಣೆ ನಡೆಸಿತು. ಯಾರು ಬೇಕಾದರೂ ಬಂದು ಮಾತಾಡಬಹುದು ಎಂದು ಮಾರ್ಗರೆಟ್ ರಾಜಿಯನ್ನು ಕಾರಿನಲ್ಲಿ ಕರೆದೊಯ್ದಳು. ಹರಿ ಹೇಗೆ ಸತ್ತನೆಂದು ಅಲ್ಲಿ ಹೇಳಬೇಕು, ಅಷ್ಟೇ ರಾಜಿಗೆ ಬೇಕಾಗಿದ್ದದ್ದು.

ಮೊದಲು ದ್ವಾರಕಾನಾಥರು ಮಾತಾಡಿದರು. ಕಾಯಬಹುದಾದ ರಿಪೇರಿಗಳನ್ನು ಮುಂದಕ್ಕೆ ಹಾಕಿದ್ದರಿಂದ ಉಳಿತಾಯವಾಗಿದೆ ಎಂದರು. ಸದಸ್ಯರೊಬ್ಬರು ಮೆಚ್ಚಿ ತಲೆದೂಗಿದರು. ಆಮೇಲೆ ರಾಜಿಯ ಹೆಸರು ಕರೆದರು. ಈಕೆಯ ಭಾಷೆ ಬಲ್ಲವರು ಯಾರಾದರೂ ಇದ್ದೀರಾ ಎಂದು ಅಧ್ಯಕ್ಷೆ ಕೇಳಿದಾಗ ದ್ವಾರಕಾನಾಥರೇ ನಗುತ್ತ ಎದ್ದುಬಂದು ಪಕ್ಕದಲ್ಲಿ ಕೂತರು.

"ಹಾರ್ಟ್ ಅಟ್ಯಾಕ್ ಅಂತ ಹೇಳಿ ಎದ್ದು ಬಾ," ಎಂದು ಪಿಸುಗುಟ್ಟಿದರು. "ಪಾಸ್‌ಪೋರ್ಟ್ ಬೇಕೋ ಬೇಡ್ವೋ?"

ರಾಜಿ ಮೈಕಿನ ಕಡೆ ಬಗ್ಗಿದಳು. "ನನ್ ಗಂಡ ಹರಿ. ನಿಮ್ ಬಸ್ಸು ತೊಳೀತಿದ್ದ. ಫ್ಯಾನು ಕೆಟ್ಟಿತ್ತು, ಯಾರೂ ಮಾಡುಸ್ನಿಲ್ಲ. ಹೊಗೆ ಕುಡ್ಕಂಡು ಸತ್ತ."

ದ್ವಾರಕಾನಾಥರು ಇಂಗ್ಲಿಷಿನಲ್ಲಿ ಹೇಳಿದರು. ಹಾರ್ಟ್ ಎಂದರು, ಥ್ಯಾಂಕ್ ಯೂ ಎಂದರು. ಆ ಎರಡು ಮಾತೂ ರಾಜಿಗೆ ಗೊತ್ತಿದ್ದವು. ಅವರ ಮುಂದಿದ್ದ ಮೈಕನ್ನೂ ತನ್ನ ಕಡೆಗೆ ಎಳೆದುಕೊಂಡಳು.

"ಥೂ, ನಿನ್ ನಾಲ್ಗೆ ಸೇದೋಗ! ಥ್ಯಾಂಕ್ಸು ಅಂತ ನಾನ್ಯಾವಾಗ ಅಂದೆ?" ಆಮೇಲೆ ಅಧ್ಯಕ್ಷೆಯ ಕಡೆ ತಿರುಗಿ, ತನಗೆ ಬಂದಷ್ಟರಲ್ಲಿ, "ಹಾರ್ಟ್ ನೋ. ಫ್ಯಾನ್ ನೋ ವರ್ಕ್. ಸ್ಮೋಕ್. ಹಸ್ಬೆಂಡ್ ಡೆಡ್," ಎಂದಳು.

ಬರೆಯುತ್ತಿದ್ದವರು ತಲೆಯೆತ್ತಿದರು. ಯಾವ ಫ್ಯಾನು ಎಂದು ಅಧ್ಯಕ್ಷೆ ದ್ವಾರಕಾನಾಥರನ್ನೇ ಕೇಳಿದರು. ಅವರು ಟೈ ಸರಿಮಾಡಿಕೊಂಡರು. ಮಾತಿನ ಸಮಯ ಮುಗಿಯಿತೆಂದು ಮೇಜಿನ ಮೇಲೆ ಕೆಂಪು ದೀಪ ಹತ್ತಿತು.

ರಾಜಿ ಏಳಲಿಲ್ಲ. ಅಲ್ಲಿಟ್ಟಿದ್ದ ನೀರಿನ ಬಾಟಲಿ ತೆರೆದು ಅಂಗೈಗೆ ಸುರಿದುಕೊಂಡು ದ್ವಾರಕಾನಾಥರ ಕಡೆ ತಿರುಗಿದಳು.

"ಕೇಳಿದ್ ಮ್ಯಾಕೆ ಸೂತ್ಕ ಅಲ್ವಾ ಬುದ್ಧಿ? ಈಗ ಎಲ್ರೂ ಕೇಳವ್ರೆ. ಓಗಿ, ತಲೆ ಮ್ಯಾಲೆ ನೀರುಯ್ಕಳಿ."

ಅಂಗೈಯ ನೀರನ್ನು ಹರಿಯ ಹೆಸರಲ್ಲಿ ನೆಲಹಾಸಿನ ಮೇಲೆ ಬಿಟ್ಟು ಕಣ್ಣು ಮುಚ್ಚಿದಳು.

"ಮಾದಪ್ಪಾ, ಉಸುರು ಸಿಗ್ದೆ ಓದ ಜೀವ ಅದು. ನಿನ್ ಬೆಟ್ಟದ್ ಗಾಳೀಲಿ ಒಂದೀಟು ಜಾಗ ಕೊಡು. ತಣ್ಣಗಿರ್ಲಿ."