ಹಳದಿ ಮುಚ್ಚಳದ ಟ್ಯೂಬ್

ಆಸ್ಪತ್ರೆಯಲ್ಲಿ ಕಾಯಿಲೆಯವರಿಗೇನು ಬರವೇ? ಬರವಿರುವುದು ಆರೋಗ್ಯವಂತರಿಗೆ. ಹೊಟ್ಟೆಯ ಹಿಂಬದಿಯಲ್ಲಿ ಅಡಗಿ ಕೂತಿರುವ ಮೇದೋಜೀರಕದ ಕ್ಯಾನ್ಸರನ್ನು ಬೇಗ ಪತ್ತೆಹಚ್ಚಲು ರಕ್ತದಲ್ಲೇನಾದರೂ ಗುರುತು ಸಿಗುತ್ತದೆಯೇ ಎಂದು ಹುಡುಕಲು ಹೊರಟ ಆ ಲ್ಯಾಬಿಗೆ ಎಂಬತ್ತು ರೋಗಿಗಳ ರಕ್ತ ಸಲೀಸಾಗಿ ಸಿಕ್ಕಿತು. ಪಕ್ಕದಲ್ಲಿಟ್ಟು ಹೋಲಿಸಲು ಎಂಬತ್ತು ಮಂದಿ ಗಟ್ಟಿಮುಟ್ಟಾದವರು ಬೇಕಲ್ಲ, ಅವರೇ ಸಿಗಲಿಲ್ಲ. ಚೆನ್ನಾಗಿರುವವನು ಆಸ್ಪತ್ರೆಗೆ ಯಾಕೆ ಬಂದಾನು, ಅದೂ ಸೂಜಿ ಚುಚ್ಚಿಸಿಕೊಳ್ಳಲು! ಕೊನೆಗೆ ಅಲ್ಲಿ ಕೆಲಸ ಮಾಡುವವರೆಲ್ಲ ತಮ್ಮತಮ್ಮ ಮನೆಯವರನ್ನೇ ಎಳೆದು ತಂದರು. ಒಬ್ಬರು ಮಾವನನ್ನು ತಂದರು, ಇನ್ನೊಬ್ಬರು ಮಹಡಿ ಮೇಲಿನ ಬಾಡಿಗೆಯವನನ್ನು. ಟೆಕ್ನಿಷಿಯನ್ ತನ್ನ ಅಕ್ಕನನ್ನು ಕರೆತಂದ.

ಅಕ್ಕ ಶಾಲೆಮಕ್ಕಳ ಯೂನಿಫಾರ್ಮ್ ಹೊಲಿಯುವವಳು. ಅಮ್ಮ ಹೋದಮೇಲೆ ಇವನನ್ನು ಸಾಕಿ, ಮಿಷನ್ ತುಳಿದು ತುಳಿದೇ ಓದಿಸಿದವಳು. ಇವನಿಗೆ ನಲವತ್ತು ದಾಟಿದರೂ ಅವಳ ಬಾಯಲ್ಲಿ ಇನ್ನೂ ಪುಟ್ಟ.

"ಅಂತೂ ನಾನು ಗಟ್ಟಿ ಅಂತ ಒಪ್ಪೋಕೆ ಒಬ್ಬ ಸಿಕ್ಕಿದ," ಎಂದು ನಗುತ್ತಾ ತೋಳು ಚಾಚಿದಳು. ಒಪ್ಪಿಗೆ ಪತ್ರವನ್ನು ಓದಲೇ ಇಲ್ಲ. "ನೀನು ಓದಿದ್ದೀಯಲ್ಲ, ಸಾಕು," ಎಂದು ಸಹಿ ಗೀಚಿದಳು. ಇದು ಸಂಶೋಧನೆ, ಇದರಲ್ಲಿ ಏನು ಕಂಡರೂ ಯಾರಿಗೂ ತಿಳಿಸುವುದಿಲ್ಲ ಎಂದು ಆ ಪತ್ರದ ಎರಡನೇ ಪುಟದಲ್ಲಿ ಬರೆದಿತ್ತು.

ರಕ್ತ ಹೆಪ್ಪುಗಟ್ಟಿದ ಮೇಲೆ ಅವನೇ ಅದನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿದ. ಮೇಲೆ ನಿಂತ ತಿಳಿಹಳದಿ ನೀರನ್ನು, ಅಂದರೆ ಸೀರಮ್ಮನ್ನು, ಎರಡು ಪುಟ್ಟ ಟ್ಯೂಬುಗಳಿಗೆ ತುಂಬಿದ. ಒಂದು ಪರೀಕ್ಷೆಗೆ, ಇನ್ನೊಂದು ಮುಂದೆ ಬೇಕಾದರೆ ಇರಲಿ ಎಂದು ಫ್ರೀಜರಿಗೆ. ರೋಗಿಗಳದಕ್ಕೆ ಕೆಂಪು ಮುಚ್ಚಳ, ಆರೋಗ್ಯವಂತರದಕ್ಕೆ ನೀಲಿ. ಆವತ್ತು ನೀಲಿ ಮುಗಿದಿತ್ತು. ಸಿಕ್ಕಿದ ಹಳದಿ ಮುಚ್ಚಳವನ್ನೇ ಒತ್ತಿ, ರಿಜಿಸ್ಟರಿನಲ್ಲಿ 'ಹಳದಿ ಮುಚ್ಚಳ' ಎಂದು ಬರೆದಿಟ್ಟ. ಹೆಸರು ಬರೆಯುವಂತಿರಲಿಲ್ಲ, ಬರೀ ನಂಬರ್. ಐವತ್ತೇಳು.

ವರ್ಷ ಕಳೆಯುವಷ್ಟರಲ್ಲಿ ಯಂತ್ರ ನೂರಾರು ಪ್ರೋಟೀನುಗಳನ್ನು ಜಾಲಾಡಿ ಒಂದರ ಮೇಲೆ ಬೆರಳಿಟ್ಟು ತೋರಿಸಿತು. ಅದು ರೋಗಿಗಳಲ್ಲಿ ಹೆಚ್ಚು, ಉಳಿದವರಲ್ಲಿ ಕಡಿಮೆ. ಗ್ರಾಫಿನಲ್ಲಿ ಕೆಂಪು ಚುಕ್ಕೆಗಳು ಮೇಲೆ, ನೀಲಿ ಚುಕ್ಕೆಗಳು ಕೆಳಗೆ. ಒಂದೇ ಒಂದು ನೀಲಿ ಚುಕ್ಕೆ ಮಾತ್ರ ಕೆಂಪಿನವರ ನಡುವೆ ಹೋಗಿ ಕೂತಿತ್ತು.

"ಐವತ್ತೇಳು ಏನಾಗಿದೆ ನೋಡಿ," ಎಂದರು ಲ್ಯಾಬಿನ ದೊಡ್ಡ ಮೇಡಂ. "ರಕ್ತಕಣ ಒಡೆದು ಸೀರಮ್ ಕೆಂಪಾಗಿ ಕೆಟ್ಟಿರಬೇಕು."

ಐವತ್ತೇಳು ಯಾರದೆಂದು ಅವನಿಗೆ ಆಗ ನೆನಪಿರಲಿಲ್ಲ. ಪರೀಕ್ಷೆಗೆ ಹೋಗಿ ಮುಚ್ಚಳ ಕಳೆದುಕೊಂಡಿದ್ದ ಟ್ಯೂಬಿನ ತಳದಲ್ಲಿ ಉಳಿದಿದ್ದ ಹನಿಯನ್ನು ದೀಪಕ್ಕೆ ಹಿಡಿದು ನೋಡಿದ. ಕೆಂಪಾಗಿತ್ತೇ? ಇದ್ದಂತೆ ಕಂಡಿತು. ಎಲ್ಲರಿಗೂ ಅದು ಕೆಂಪಾಗಿಯೇ ಇರಬೇಕಿತ್ತು, ಅವನ ಕಣ್ಣಿಗೂ ಹಾಗೇ ಬೇಕಿತ್ತು. 'ಮಾದರಿ ಕೆಟ್ಟಿದೆ, ಕೈಬಿಡಬಹುದು' ಎಂದು ಬರೆದು ಸಹಿ ಹಾಕಿದ. ಗ್ರಾಫ್ ಚೊಕ್ಕವಾಯಿತು. ಆ ಸಂಜೆ ಲ್ಯಾಬಿನಲ್ಲಿ ಸಿಹಿ ಹಂಚಿದರು, ಅವನೂ ಎರಡು ತಿಂದ.

ಎರಡು ವರ್ಷದ ಮೇಲೆ ಅಕ್ಕನ ಕಣ್ಣು ಹಳದಿಯಾಯಿತು. ಸ್ಕ್ಯಾನ್ ನೋಡಿದ ಸರ್ಜನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೇದೋಜೀರಕದ್ದೇ, ಆಪರೇಷನ್ನಿನ ಕಾಲ ಮೀರಿದೆ, ಎರಡು ವರ್ಷ ಮುಂಚೆ ಸಿಕ್ಕಿದ್ದರೆ ಮಾತೇ ಬೇರೆ ಇತ್ತು ಎಂದರು.

ಅಕ್ಕನದಕ್ಕೆ ಮಾತ್ರ ಹಳದಿ ಮುಚ್ಚಳ ಒತ್ತಿದ್ದು ಅವನಿಗೆ ನೆನಪಾಯಿತು. ನೆಟ್ಟಗೆ ಲ್ಯಾಬಿಗೆ ಹೋಗಿ ರಿಜಿಸ್ಟರ್ ತೆಗೆದ. ಹಾಗಾಗದಿರಲಿ, ಹಾಗಾಗದಿರಲಿ ಎಂದುಕೊಳ್ಳುತ್ತಲೇ ಪುಟ ತಿರುಗಿಸಿದ. 'ಹಳದಿ ಮುಚ್ಚಳ' ಎಂದು ಅವನದೇ ದುಂಡಕ್ಷರದಲ್ಲಿ, ಐವತ್ತೇಳರ ಎದುರಿಗೆ ಬರೆದಿತ್ತು. ಫ್ರೀಜರ್ ತೆರೆದು, ಉಳಿದಿದ್ದ ಎರಡನೇ ಟ್ಯೂಬನ್ನು ಹುಡುಕಿ, ಮೇಲಿನ ಹಿಮ ಒರೆಸಿ ದೀಪಕ್ಕೆ ಹಿಡಿದ. ದುರ್ಬೀನು ಹಾಕಿ ಹುಡುಕಿದರೂ ಅದರಲ್ಲಿ ಕೆಂಪಿನ ಸುಳಿವಿರಲಿಲ್ಲ. ತಿಳಿಹಳದಿ, ಅಷ್ಟೇ.

ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ಒಳ್ಳೆಯ ಹೆಂಗಸು, ಬೈಯಲಿಲ್ಲ.

"ಒಂದು ಚುಕ್ಕೆಯಿಂದ ಏನೂ ಸಾಬೀತಾಗಲ್ಲ. ಆವಾಗ ಗೊತ್ತಾಗಿದ್ರೂ ಹೇಳೋ ಹಾಗಿರಲಿಲ್ಲ, ನಿಮಗೇ ಗೊತ್ತಲ್ಲ," ಎಂದರು.

ಅದು ನಿಜ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನ್ನಿಸಿತು ಅವನಿಗೆ. ಆಮೇಲೆ ಮೇಡಂ ದನಿ ತಗ್ಗಿಸಿ ಕೇಳಿದರು. "ಆದ್ರೆ ಕಾಯಿಲೆ ಕಾಣಿಸೋದಕ್ಕೆ ಮೂರು ವರ್ಷ ಮುಂಚೆನೇ ಗುರುತು ಏರಿತ್ತು ಅಂದ್ರೆ... ನಾವು ಹುಡುಕ್ತಿದ್ದಿದ್ದೇ ಅದಲ್ವಾ? ಅಕ್ಕ ಈಗ ಇನ್ನೊಂದ್ಸಲ ರಕ್ತ ಕೊಡ್ತಾರಾ, ಕೇಳ್ತೀರಾ?"

ಕೇಳಿದ. ಇನ್ನೇನು ತಾನೇ ಅವನ ಕೈಲಿತ್ತು?

ವಾರ್ಡಿನಲ್ಲಿ ಅಕ್ಕ ದಿಂಬಿಗೆ ಒರಗಿ, ತೋಳಿನ ಬಟ್ಟೆಯನ್ನು ತಾನೇ ಮೇಲೆ ಸರಿಸಿದಳು. ಈ ಸಲವೂ ಪತ್ರ ಓದಲಿಲ್ಲ. ನರ್ಸಮ್ಮ ಪಟ್ಟಿ ಬಿಗಿಯುತ್ತಾ ಗದರಿಕೊಂಡಳು. "ಒಂದು ವರ್ಷದಿಂದ ಹೊಟ್ಟೆ ನೋವಂತೆ, ಬೆನ್ನು ನೋವಂತೆ. ಒಬ್ಬ ಡಾಕ್ಟರಿಗೂ ತೋರಿಸಬಾರದಾಗಿತ್ತಾ ನೀವು?"

"ತೋರಿಸೋದೇನು ಬಂತು?" ಎಂದಳು ಅಕ್ಕ. "ನಮ್ಮ ಪುಟ್ಟನ ಲ್ಯಾಬಲ್ಲಿ ನನ್ನ ರಕ್ತ ಪೂರ್ತಿ ಸೋಸಿ ನೋಡಿದ್ರಲ್ಲ. ಏನಾದ್ರೂ ಇದ್ದಿದ್ರೆ ಇವನು ನಂಗೆ ಹೇಳದೆ ಇರ್ತಿದ್ನಾ? ಇವನು ಏನೂ ಹೇಳ್ಲಿಲ್ಲ. ಗ್ಯಾಸು ಇರ್ಬೇಕು ಅಂತ ನಾನೂ ಸುಮ್ಮನಾದೆ."

ಅವನು ಅಂಟಿಸುವ ಚೀಟಿಯೊಂದನ್ನು ಬಿಡಿಸಿದ. ರಕ್ತ ಟ್ಯೂಬಿಗೆ ಇಳಿಯುತ್ತಿತ್ತು.

"ಆವತ್ತು ಕೊಟ್ಟಿದ್ದು ಉಪಯೋಗಕ್ಕೆ ಬಂತೇನೋ?" ಎಂದು ಕೇಳಿದಳು.

"ಬಂತಕ್ಕ," ಎಂದ.

"ಹಾಗಾದ್ರೆ ಹೆಸರು ಸರಿಯಾಗಿ ಬರಿ, ಇನ್ಯಾರದರ ಜೊತೆಗೋ ಸೇರಿಹೋದೀತು."

ಅವನು ಕೆಂಪು ಮುಚ್ಚಳದ ಟ್ಯೂಬೊಂದನ್ನು ಎತ್ತಿಟ್ಟುಕೊಂಡು, ಪೆನ್ನು ತೆಗೆದು, ಚೀಟಿಯ ಮೇಲೆ ಎಂಬತ್ತೊಂದು ಎಂದು ಬರೆದ.